ನಲವತ್ತೆರಡು ಅಡಿ

ಅಡಿವೆಪ್ಪ ಮೆಟ್ಟಿಲಿಗೆ ಉಪ್ಪು ಚೆಲ್ಲುತ್ತಿದ್ದಾಗ ಫೋನು ಬಂತು. 2002ರ ಫೆಬ್ರವರಿ. ಮ್ಯೂನಿಕ್‌ನಲ್ಲಿ ಮೂರು ದಿನದಿಂದ ಬಿದ್ದ ಹಿಮ ಜನರ ತುಳಿತಕ್ಕೆ ಗಟ್ಟಿಯಾಗಿ ಗಾಜಿನಂತಾಗಿತ್ತು. ನಲವತ್ತು ಮನೆಗಳಿರುವ ಆ ಕಟ್ಟಡಕ್ಕೆಲ್ಲ ಅವನೊಬ್ಬನೇ ಹೌಸ್‌ಮೈಸ್ಟರ್, ಅಂದರೆ ಉಸ್ತುವಾರಿಯವನು. ಯಾರಾದರೂ ಜಾರಿ ಬಿದ್ದು ಸೊಂಟ ಮುರಿದುಕೊಂಡರೆ ಕೊರಳಪಟ್ಟಿ ಹಿಡಿಯುವುದು ಅವನದೇ. ಹಾಗಾಗಿ ಸಿಡುಕುತ್ತಲೇ ಫೋನೆತ್ತಿ ಜರ್ಮನ್‌ನಲ್ಲಿ ಗದರಿದ. ಆ ಕಡೆಯಿಂದ ಕೇಳಿಸಿದ್ದು ಕನ್ನಡ.

"ಸರ್, ಅಡಿವೆಪ್ಪ ಅವ್ರಾ? ನಾನು ರಾಕೇಶ್ ಅಂತ, ಇಲ್ಲೇ ಊರಾಚೆ ಉಂಟರ್‌ಫ್ಯೋರಿಂಗ್‌ನಲ್ಲಿ ಕೆಲ್ಸ ಮಾಡ್ತೀನಿ. ಇಲ್ಲೊಂದು ಹಳೇ ಫಿಲ್ಮ್ ಡಬ್ಬಿ ಮೇಲೆ ಕನ್ನಡ ಅಂಕೀಲಿ ನಲವತ್ತೆರಡು ಅಂತ ಬರ್ದಿದೆ. ನೀವೇನಾ ಬರ್ದಿದ್ದು?"

ಅಡಿವೆಪ್ಪ ಉಪ್ಪಿನ ಬಕೆಟ್ಟನ್ನು ಕೆಳಗಿಟ್ಟ. ಈ ಪ್ರಶ್ನೆ ಒಂದಲ್ಲ ಒಂದು ದಿನ ಬಂದೇ ಬರುತ್ತದೆಂದು ಅವನು ಇಪ್ಪತ್ತಾರು ವರ್ಷದಿಂದ ಕಾದಿದ್ದ. ಬಂದರೆ ಜರ್ಮನ್‌ನಲ್ಲಿ ಬರುತ್ತದೆ, ಪೊಲೀಸ್ ಬೂಟು ಹಾಕಿಕೊಂಡು ಬರುತ್ತದೆ ಎಂದುಕೊಂಡಿದ್ದ. ಮೈಸೂರು ಕಡೆಯ ಹುಡುಗನೊಬ್ಬನ ಬಾಯಲ್ಲಿ ಇಷ್ಟು ನಯವಾಗಿ ಬರುತ್ತದೆಂದು ಕನಸಿನಲ್ಲೂ ಎಣಿಸಿರಲಿಲ್ಲ.

"ಅಂಕಿ ಬಾಜೂಕ ಹೆಸರ ಏನೈತಿ?"

"ಗೆರ್ಲಿಂಡೆ ಅಂತಿದೆ. ಆಮೇಲೆ, ಕರಪತ್ರ ಹಂಚುವುದು ಅಂತ ಜರ್ಮನ್‌ನಲ್ಲಿ."

"ಹೌದು ತಮ್ಮಾ. ನಾನ ಬರದದ್ದು."

ಅಡಿವೆಪ್ಪ ಹುಟ್ಟಿದ್ದು ಗದಗಿನ ಹತ್ತಿರದ ಹಳ್ಳಿಯಲ್ಲಿ. ಸಾಲಿ ನಾಲ್ಕನೇ ಇಯತ್ತೆಗೇ ಮುಗಿಯಿತು. ಮುಂದೆ ಕಲಿತದ್ದೆಲ್ಲ ಟೂರಿಂಗ್ ಟಾಕೀಸಿನ ಡೇರೆಯೊಳಗೆ, ಮೌಲಾಸಾಬ್ ಎಂಬ ಆಪರೇಟರನ ಕೈಕೆಳಗೆ. ಡೇರೆಯವರದು ಒಂದು ಪದ್ಧತಿ. ಕೊನೆಯ ಆಟ ಹೊತ್ತಿಗೆ ಸರಿಯಾಗಿ ಮುಗಿಯಬೇಕು, ಇಲ್ಲವಾದರೆ ಫೌಜದಾರ ಬಂದು ಕೂಗಾಡುತ್ತಾನೆ. ಅದಕ್ಕೆ ಆಪರೇಟರ ಒಂದು ಹಾಡನ್ನೋ ಒಂದು ಅಳುವ ಸೀನನ್ನೋ ಕತ್ತರಿಸಿ ಬದಿಗಿಡುತ್ತಿದ್ದ. ಆದರೆ ಕತ್ತರಿಸಿದ್ದನ್ನು ಒಗೆಯುವ ಹಾಗಿರಲಿಲ್ಲ. ಸುರುಳಿ ಸುತ್ತಿ, ದಾರ ಕಟ್ಟಿ, ಮೊಳೆಗೆ ನೇತುಹಾಕಿ, ಎಷ್ಟನೇ ರೀಲು, ಎಷ್ಟು ಅಡಿ, ಅದರಲ್ಲಿ ಯಾರಿದ್ದಾರೆ, ಏನು ಮಾಡುತ್ತಿದ್ದಾರೆ ಎಂದು ಚೀಟಿ ಅಂಟಿಸಬೇಕು. ಪೆಟ್ಟಿಗೆ ಮುಂದಿನ ಊರಿಗೆ ಹೊರಡುವ ಮೊದಲು ಎಲ್ಲವನ್ನೂ ಇದ್ದಲ್ಲಿಗೇ ಜೋಡಿಸಬೇಕು. ಫಿಲ್ಮ್ ಕಂಪನಿಯ ಮನುಷ್ಯ ಬಂದು ಅಡಿ ಅಳೆಯುತ್ತಿದ್ದ. ತುಂಡು ಒಗೆದಾಂವ ಆಪರೇಟರ ಅಲ್ಲ, ಕಟುಕ ಎಂದು ಮೌಲಾಸಾಬ್ ಬೈಯುತ್ತಿದ್ದ. ಒಮ್ಮೆ ಒಂದೂವರೆ ಅಡಿ ಕಳೆದದ್ದಕ್ಕೆ ಅಡಿವೆಪ್ಪನ ಬೆನ್ನ ಮೇಲೆ ಬೆಲ್ಟಿನ ಬಾಸುಂಡೆ ಎದ್ದಿದ್ದವು. ಆ ಪಾಠ ಚರ್ಮಕ್ಕೆ ಇಳಿದ ಪಾಠ. ಅಂಥದ್ದು ಮರೆಯುವುದಿಲ್ಲ.

1969ರಲ್ಲಿ ಲಕ್ಕುಂಡಿಯ ಗುಡಿಗಳ ಚಿತ್ರ ತೆಗೆಯಲು ಜರ್ಮನಿಯಿಂದ ನಾಲ್ಕು ಜನ ಬಂದರು. ಅವರ ಮಶೀನು ಕೆಟ್ಟು ನಿಂತಾಗ ಸೈಕಲ್ ಟ್ಯೂಬಿನ ರಬ್ಬರಿನಲ್ಲಿ ಅದನ್ನು ಓಡಿಸಿಕೊಟ್ಟವನು ಅಡಿವೆಪ್ಪ. ಅವರ ಕ್ಯಾಮೆರಾದವ ಫೋಲ್ಕ್‌ಮಾರ್, ಆರಡಿ ಎತ್ತರದ ಕೆಂಪು ಗಡ್ಡದ ಮನುಷ್ಯ, ಈ ಕೈಗಳನ್ನು ಇಲ್ಲಿ ಬಿಟ್ಟು ಹೋಗುವುದಿಲ್ಲ ಎಂದು ಹಟ ಹಿಡಿದ. ಕಾಗದ ಪತ್ರ ಮಾಡಿಸಿದ, ಟಿಕೆಟ್ಟು ಕಳಿಸಿದ, ಮ್ಯೂನಿಕ್‌ನ ಒಂದು ಫಿಲ್ಮ್ ಲ್ಯಾಬಿನಲ್ಲಿ ಫಿಲ್ಮು ಜೋಡಿಸುವ ಕೆಲಸ ಹಿಡಿಸಿಕೊಟ್ಟ. ತಿಂಗಳುಗಟ್ಟಲೆ ತನ್ನ ಮನೆಯಲ್ಲೇ ಇರಿಸಿಕೊಂಡ. ಒಡಹುಟ್ಟಿದವರೂ ಅಷ್ಟು ಮಾಡುವುದಿಲ್ಲ.

ಆ ಮನೆಗೆ ಬರುತ್ತಿದ್ದವಳು ಗೆರ್ಲಿಂಡೆ. ಫೋಲ್ಕ್‌ಮಾರ್ ಮದುವೆಯಾಗಬೇಕಿದ್ದ ಹುಡುಗಿ. ಸಾಲಿ ಟೀಚರ್ ಆಗಲು ಓದುತ್ತಿದ್ದಳು, ಕಲಿಸದೆ ಇರಲಾರದ ಜಾತಿ. ಅಡಿವೆಪ್ಪನಿಗೆ ಜರ್ಮನ್ ಅಕ್ಷರ ಬರುವುದಿಲ್ಲವೆಂದು ತಿಳಿದ ದಿನವೇ ಅಡಿಗೆಮನೆಯ ಮೇಜಿನ ಮೇಲೆ ಪಾಟಿ ತಂದಿಟ್ಟಳು. ಎರಡು ವರ್ಷ, ವಾರಕ್ಕೆ ಮೂರು ಸಂಜೆ. ಅಕ್ಷರ ಕಲಿತ. ಅಂಕಿ ಮಾತ್ರ ಕೈ ಕೇಳಲಿಲ್ಲ. ಅಡಿ ಲೆಕ್ಕ ಬರೆಯುವಾಗ ಬೆರಳು ತಾನಾಗಿಯೇ ಗದಗಿನ ಕಡೆ ತಿರುಗುತ್ತಿತ್ತು. ಗೆರ್ಲಿಂಡೆ ಅದನ್ನು ತಿದ್ದಲಿಲ್ಲ. ಚಂದ ಇದೆ, ಇರಲಿ ಆಡಿ, ಎಂದಳು. ಅವನನ್ನು ಆಡಿ ಎಂದು ಕರೆಯುತ್ತಿದ್ದವಳು ಆ ದೇಶದಲ್ಲಿ ಅವಳೊಬ್ಬಳೇ.

ಅದು ಕೆಟ್ಟ ಕಾಲ. ಬಾಂಬು ಇಡುವವರ ಗುಂಪೊಂದು ಹುಟ್ಟಿಕೊಂಡು ಸರಕಾರಕ್ಕೆ ನೆರಳು ಕಂಡರೂ ಹೆದರಿಕೆಯಾಗಿತ್ತು. ಅಂಚೆ ಕಚೇರಿಯ ಗೋಡೆಯ ಮೇಲೆ ಪೊಲೀಸರು ಹುಡುಕುತ್ತಿದ್ದವರ ಫೋಟೋ, ರಸ್ತೆಯಲ್ಲಿ ಬಂದೂಕು ಹಿಡಿದು ಕಾರಿನ ಡಿಕ್ಕಿ ತೆಗೆಸುವ ಪೊಲೀಸರು. ಉದ್ದ ಕೂದಲಿನವರ ಮೇಲೆ ಅನುಮಾನ, ಕಪ್ಪು ಮೈಯವರ ಮೇಲೆ ಎರಡು ಪಟ್ಟು. ಅದರ ಜೊತೆಗೆ ಒಂದು ಆದೇಶ. ಎಡಪಂಥದವರ ಸಂಗಡ ಓಡಾಡಿದವರಿಗೆ ಸರಕಾರಿ ನೌಕರಿ ಇಲ್ಲ. ಟೀಚರ್ ಇರಲಿ, ಪೋಸ್ಟ್‌ಮನ್ ಇರಲಿ, ರೈಲು ಓಡಿಸುವವನಿರಲಿ, ಕರೆದು ಕೂರಿಸಿ ವಿಚಾರಣೆ. ಬಾಂಬು ಇಟ್ಟವನಿಗೂ ಕಾಗದ ಹಂಚಿದವನಿಗೂ ವ್ಯತ್ಯಾಸ ತಿಳಿಯದ ಜನ ಮೇಜಿನ ಆಚೆ ಕೂತಿರುತ್ತಿದ್ದರು.

ಇಂಥದರ ನಡುವೆ 1974ರಲ್ಲಿ ಗ್ಲಾಸ್‌ವಾಲ್ಡ್ ಎಂಬ ಬ್ಯಾಂಡಿನವರು ಪಾಳು ಬಿದ್ದ ಬಿಯರ್ ಗೋದಾಮಿನಲ್ಲಿ ಬಾರಿಸಿದರು. ಫೋಲ್ಕ್‌ಮಾರ್ ಅದನ್ನು ಫಿಲ್ಮು ಮಾಡಿದ. ನಾಲ್ಕು ಜನ, ಒಂದೊಂದು ಹಾಡು ಮುಕ್ಕಾಲು ತಾಸು. ಹಾಡಿಗೆ ತಲೆಯಿಲ್ಲ, ಬುಡವಿಲ್ಲ. ಗಿಟಾರು ಆನೆಯಂತೆ ಘೀಳಿಡುತ್ತಿತ್ತು. ಎರಡು ಸಾವಿರ ಹುಡುಗರು ಹುಡುಗಿಯರು ಕಣ್ಣು ಮುಚ್ಚಿ ದೇವರು ಬಂದವರಂತೆ ತೂಗಾಡುತ್ತಿದ್ದರು. ಬಾರಿಸುವವರ ಹಿಂದಿನ ಬಿಳಿ ಪರದೆಯ ಮೇಲೆ ಬಣ್ಣದ ಗುಳ್ಳೆಗಳು ಉಬ್ಬಿ, ಕೂಡಿ, ಒಡೆದು ಹರಿಯುತ್ತಿದ್ದವು. ಆ ಗುಳ್ಳೆ ಅಡಿವೆಪ್ಪನದು. ಪ್ರೊಜೆಕ್ಟರಿನ ದೀಪದ ಮೇಲೆ ಗಾಜಿನ ತಟ್ಟೆ, ತಟ್ಟೆಯಲ್ಲಿ ಎಣ್ಣೆ, ಎಣ್ಣೆಗೆ ಬಣ್ಣದ ಶಾಯಿ. ದೀಪದ ಕಾವಿಗೆ ಅದು ಕುದಿಯದಂತೆ, ನಿಲ್ಲದಂತೆ ತಟ್ಟೆಯನ್ನು ತೂಗುತ್ತಿರಬೇಕು. ಮೂರೂವರೆ ತಾಸು ನಿಂತೇ ಇದ್ದ. ಬೆರಳು ಸುಟ್ಟು ಬೊಬ್ಬೆ ಎದ್ದವು. ಅವನಿಗೆ ಆ ಸಂಗೀತ ಇಷ್ಟವಾಗಲಿಲ್ಲ. ಆದರೆ ಡೇರೆ ಬಿಟ್ಟು ಬಂದ ಮೇಲೆ ತನ್ನ ಕೈಯಿಂದ ಹೊರಟ ಬೆಳಕನ್ನು ಸಾವಿರ ಜನ ನೋಡಿದ್ದು ಅವತ್ತೇ.

ಅದೇ ಗದ್ದಲದಲ್ಲಿ ಗೆರ್ಲಿಂಡೆ ವೇದಿಕೆಯ ಮುಂದೆ ಕರಪತ್ರ ಹಂಚುತ್ತಿದ್ದಳು. ಜೈಲಿನಲ್ಲಿ ಉಪವಾಸ ಕೂತ ಕೈದಿಗಳನ್ನು ಒಂಟಿ ಕೋಣೆಯಲ್ಲಿ ಕೊಲ್ಲಬೇಡಿ ಎಂದಷ್ಟೇ ಅದರಲ್ಲಿದ್ದದ್ದು. ಬಂದೂಕು ಹಿಡಿದವರನ್ನು ಕಂಡರೆ ಅವಳಿಗೂ ಆಗುತ್ತಿರಲಿಲ್ಲ. ಆದರೆ ಕ್ಯಾಮೆರಾ ಅವಳ ಮುಖದ ಮೇಲೆ ನಿಂತಿತು. ಅವಳು ಫೋಲ್ಕ್‌ಮಾರ್‌ನನ್ನು ನೋಡಿ ನಕ್ಕಳು. ಒಂದು ನಿಮಿಷ ಹತ್ತು ಸೆಕೆಂಡು. ನಲವತ್ತೆರಡು ಅಡಿ.

ಫಿಲ್ಮು ಜೋಡಿಸುವಾಗ ಫೋಲ್ಕ್‌ಮಾರ್ ಆ ತುಂಡನ್ನು ಕತ್ತರಿಸಿ ಅಡಿವೆಪ್ಪನ ಕೈಗಿಟ್ಟ. ಇವಳ ತರಬೇತಿ ಮುಗಿಯಲು ಇನ್ನೊಂದು ವರ್ಷ, ಇದಕ್ಕೆ ಬೇರೆ ಪ್ರತಿಯೂ ಇಲ್ಲ, ಸುಟ್ಟುಬಿಡು ಎಂದ. ಖಾಲಿಯಾದ ಜಾಗಕ್ಕೆ ಬಣ್ಣದ ಗುಳ್ಳೆಗಳನ್ನು ತುಂಬಿದರು. ಅಡಿವೆಪ್ಪ ತಲೆಯಾಡಿಸಿದ. ಹಿಂದಿನ ಅಂಗಳಕ್ಕೆ ಹೋಗಿ ಕಡ್ಡಿಪೆಟ್ಟಿಗೆಯನ್ನೂ ತೆಗೆದ. ಕಡ್ಡಿ ಗೀರಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಕೈ ಬರಲಿಲ್ಲ. ಕಾಲ ತಿಳಿಯಾಗುತ್ತದೆ, ಆಗ ಜೋಡಿಸಿದರಾಯಿತು ಎಂದುಕೊಂಡ. ಲ್ಯಾಬಿನಲ್ಲಿ ಆ ಫಿಲ್ಮಿನ ಉಳಿದ ಡಬ್ಬಿಗಳ ಜೊತೆಗೇ ಒಂದು ಡಬ್ಬಿಯಲ್ಲಿ ಸುತ್ತಿಟ್ಟು, ಪದ್ಧತಿಯಂತೆ ಚೀಟಿ ಅಂಟಿಸಿದ. ಮೂರನೇ ರೀಲು. ೪೨ ಅಡಿ. ಗೆರ್ಲಿಂಡೆ, ಕರಪತ್ರ ಹಂಚುವುದು. ಮನೆತನದ ಅಡ್ಡಹೆಸರನ್ನೂ ಬಿಡಲಿಲ್ಲ. ಅವಳು ಕಲಿಸಿದ ದುಂಡು ಅಕ್ಷರದಲ್ಲಿ ತಪ್ಪಿಲ್ಲದೆ ಬರೆದ. ಬರೆದು ನೋಡಿ ಹಿಗ್ಗಿದ್ದನ್ನೂ ಮುಚ್ಚಿಡಬಾರದು.

1976ರ ವಸಂತದಲ್ಲಿ ಪೊಲೀಸರು ಲ್ಯಾಬಿಗೆ ಬಂದು ಆ ಫಿಲ್ಮಿನ ಡಬ್ಬಿಗಳನ್ನೆಲ್ಲ ಎತ್ತಿಕೊಂಡು ಹೋದರು. ಎರಡು ಸಾವಿರ ಮುಖಗಳಲ್ಲಿ ಯಾರು ಯಾರೆಂದು ಹುಡುಕಲು ಅವರಿಗೆ ವರ್ಷ ಹಿಡಿಯುತ್ತಿತ್ತು. ಒಂದು ಮುಖಕ್ಕೆ ಮಾತ್ರ ಹೆಸರು, ಅಡ್ಡಹೆಸರು, ಮಾಡಿದ ಕೆಲಸ ಎಲ್ಲ ಡಬ್ಬಿಯ ಮೇಲೇ ಇತ್ತು. ಗೆರ್ಲಿಂಡೆಯನ್ನು ಕರೆದು ಫೋಟೋ ಮುಂದಿಟ್ಟು ಇದು ನೀನೇನಾ ಎಂದು ಕೇಳಿದರು. ನಾನೇ ಎಂದಳು. ನೌಕರಿ ಇಲ್ಲ ಎಂಬ ಕಾಗದ ಹನ್ನೊಂದು ದಿನದಲ್ಲಿ ಬಂತು.

ಸುಟ್ಟೆಯಲ್ಲವೇ ಎಂದು ಫೋಲ್ಕ್‌ಮಾರ್ ಬಂದು ಕೇಳಿದ. ಸುಟ್ಟೆ ಎಂದ ಅಡಿವೆಪ್ಪ. ಆ ವಾರವೇ ಅವನ ವಾಸದ ಪರವಾನಗಿಗೆ ಠಸ್ಸೆ ಬೀಳಬೇಕಿತ್ತು. ಪೊಲೀಸರ ಕಡತದಲ್ಲಿ ತನ್ನ ಹೆಸರು ಬಂದರೆ ಮರುದಿನವೇ ವಿಮಾನ ಹತ್ತಿಸುತ್ತಾರೆ ಎಂಬ ಭಯ. ಭಯ ಇದ್ದದ್ದು ನಿಜ. ಅದಕ್ಕಿಂತ ಹೆಚ್ಚಿನದು ಅವಳ ಮುಖಕ್ಕೆ ಮುಖ ಕೊಟ್ಟು ನಾನು ಎನ್ನಲಾಗದ ಹೇಡಿತನ. ಪರವಾನಗಿ ಪಕ್ಕಾ ಆಯಿತು, ಠಸ್ಸೆ ಬಿತ್ತು, ಹತ್ತು ವರ್ಷ ಕಳೆಯಿತು. ಆಗಲೂ ಹೇಳಲಿಲ್ಲವಲ್ಲ!

ತುಂಡಿನ ವಿಷಯ ಗೊತ್ತಿದ್ದದ್ದು ಫೋಲ್ಕ್‌ಮಾರ್‌ಗೆ ಮಾತ್ರ ಎಂದು ಗೆರ್ಲಿಂಡೆ ತಿಳಿದಿದ್ದಳು. ತನ್ನ ತಲೆ ಉಳಿಸಿಕೊಳ್ಳಲು ಅವನೇ ಅದನ್ನು ಪೊಲೀಸರಿಗೆ ಕೊಟ್ಟಿದ್ದಾನೆ ಎಂದು ತೀರ್ಮಾನಿಸಿ ಅವನ ಮನೆಯ ಮೆಟ್ಟಿಲಿಳಿದಳು. ಇಂಗೋಲ್‌ಸ್ಟಾಟ್‌ಗೆ ಹೋಗಿ ಬಟ್ಟೆ ಒಗೆಯುವ ಕಾರ್ಖಾನೆ ಸೇರಿದಳು. ಫೋಲ್ಕ್‌ಮಾರ್ ಪತ್ರಗಳನ್ನು ಬರೆದ. ವಾಪಸು ಬಂದವು. ಕುಡಿತಕ್ಕೆ ಬಿದ್ದ, 1994ರಲ್ಲಿ ಸತ್ತ. ಅವನ ಮಣ್ಣಿಗೆ ಏಳು ಜನ ಬಂದಿದ್ದರು. ಅವರಲ್ಲಿ ಅಡಿವೆಪ್ಪನೂ ಒಬ್ಬ.

ರಾಕೇಶನ ಆಫೀಸು ಗಾಜಿನ ಕಟ್ಟಡದಲ್ಲಿತ್ತು. ಸರಕಾರ ಕೊಡುತ್ತಿದ್ದ ಗ್ರೀನ್ ಕಾರ್ಡ್ ಎಂಬ ಐದು ವರ್ಷದ ಚೀಟಿಯ ಮೇಲೆ ಬಂದ ಹುಡುಗ. ಹಳೆಯ ಫಿಲ್ಮುಗಳನ್ನು ಕಂಪ್ಯೂಟರಿಗೆ ಇಳಿಸಿ ಡಿವಿಡಿ ಮಾಡುವುದು ಅವನ ಕೆಲಸ. ಗ್ಲಾಸ್‌ವಾಲ್ಡ್ ಫಿಲ್ಮನ್ನು ಈಗ ಪೂರ್ತಿಯಾಗಿ ಹೊರತರುತ್ತಿದ್ದರು. ಪೊಲೀಸರು ಒಯ್ದ ಡಬ್ಬಿಗಳೂ ವಾಪಸು ಬಂದಿದ್ದವು. ಹಳೆಯ ಲ್ಯಾಬಿನವರನ್ನು ಕೇಳಿ ಅಡಿವೆಪ್ಪನ ನಂಬರು ಹುಡುಕಿದ್ದನಂತೆ. ಅವನು ಪರದೆಯ ಮೇಲೆ ತುಂಡನ್ನು ಓಡಿಸಿದ. ಗೆರ್ಲಿಂಡೆ ಕಾಗದ ಚಾಚಿ ನಕ್ಕಳು. ಇಪ್ಪತ್ನಾಲ್ಕು ವರ್ಷದ ಹುಡುಗಿ. ಅಡಿವೆಪ್ಪ ಕುರ್ಚಿಯ ಕೈ ಹಿಡಿದುಕೊಂಡ.

ರಾಕೇಶ್ ಒಂದು ಕಾಗದ ತೆಗೆದ. ಮುಖ ಇಷ್ಟು ಹತ್ತಿರದಿಂದ ಕಾಣುವುದರಿಂದ ಆಕೆಯ ಒಪ್ಪಿಗೆ ಸಹಿ ಬೇಕು, ಕಂಪನಿ ಪತ್ರ ಬರೆದರೆ ಉತ್ತರ ಬರಲಿಕ್ಕಿಲ್ಲ, ಪರಿಚಯದವರು ಕೇಳಿದರೆ ಆಗುತ್ತೆ ಎಂದ. ಅಡಿವೆಪ್ಪ ಆಗ ಎಲ್ಲ ಹೇಳಿದ. ಮೊದಲ ಸಲ ಇನ್ನೊಬ್ಬ ಮನುಷ್ಯನ ಕಿವಿಗೆ ಹಾಕಿದ್ದು. ಹುಡುಗ ಪರದೆ ಆರಿಸಿದ. ಅವನ ಸಹಪಾಠಿಯೊಬ್ಬ ಆಖೆನ್‌ನಲ್ಲಿ ಓದುತ್ತಿದ್ದ. ನ್ಯೂಯಾರ್ಕಿನ ಕಟ್ಟಡಗಳು ಬಿದ್ದ ಮೇಲೆ ಯಾವುದೋ ಪಟ್ಟಿಯಲ್ಲಿ ಅವನ ಹೆಸರು ಬಂದು, ಇಬ್ಬರು ಪೊಲೀಸರು ರೂಮಿಗೆ ಬಂದು ಯಾರ ಜೊತೆ ಊಟ ಮಾಡುತ್ತೀಯ ಎಂದು ಕೇಳಿಹೋಗಿದ್ದರು. ಅಂದಿನಿಂದ ರಾಕೇಶ್ ಅವನಿಗೆ ಫೋನು ಮಾಡಿರಲಿಲ್ಲ.

"ಅಂಕಲ್, ನಾನು ನಿಮ್ಗೆ ಬುದ್ಧಿ ಹೇಳೋ ಹಾಗಿಲ್ಲ," ಎಂದ. "ಆದ್ರೆ ಆಯಮ್ಮ ಇನ್ನೂ ಬದ್ಕಿದಾರಲ್ವಾ?"

ಶನಿವಾರ ಮಧ್ಯಾಹ್ನ ಅಡಿವೆಪ್ಪ ಇಂಗೋಲ್‌ಸ್ಟಾಟ್ ರೈಲು ಹತ್ತಿದ. ಸ್ಟೇಶನ್ನಿನಿಂದ ಬಸ್ಸು, ಕೈಯಲ್ಲಿ ರಾಕೇಶ್ ಬರೆದುಕೊಟ್ಟ ವಿಳಾಸ. ಮೂರನೇ ಮಹಡಿ. ಬಾಗಿಲು ತೆಗೆದವಳು ಸೀರೆಯುಟ್ಟ ಹೆಣ್ಣುಮಗಳು. ಅವಳು ಶ್ರೀದೇವಿ, ಧಾರವಾಡದವಳು, ಗಂಡ ಕಾರು ಕಾರ್ಖಾನೆಯಲ್ಲಿ ಎಂಜಿನಿಯರ್. ಜರ್ಮನ್ ಪಾಠ ಮುಗಿಸಿ ಹೊರಟಿದ್ದಳು. ಅವನ ಮಾತು ಕೇಳಿ ಊರ ಕಡೆಯವನೆಂದು ಅವಳ ಮುಖ ಅರಳಿತು.

"ಬರ್ರಿ ಕಾಕಾ. ನೀವೂ ಇವರ ಕಡೆ ಕಲತೀರೇನು? ನಮ್ಮ ಓಣ್ಯಾಗಿನ ಟರ್ಕಿ ಹುಡುಗರಿಗೆಲ್ಲಾ ಇವರೇ ಟೀಚರ್. ಒಂದು ರೊಕ್ಕ ಮುಟ್ಟಂಗಿಲ್ಲ ನೋಡ್ರಿ. ದೊಡ್ಡ ಸಾಲ್ಯಾಗ ಇರಬೇಕಾದವರು, ಯಾಕ ಹಿಂಗ ಉಳದಾರೋ."

ಅಡಿವೆಪ್ಪ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ಅವಳು ಬೂಟು ಮೆಟ್ಟಿಕೊಂಡು ಇಳಿದುಹೋದಳು.

ಗೆರ್ಲಿಂಡೆಯ ಕೂದಲು ಪೂರ್ತಿ ಬೆಳ್ಳಗಾಗಿತ್ತು. ಬಟ್ಟೆ ಒಗೆಯುವ ಸೋಡಾಕ್ಕೆ ಬೆರಳ ಗಂಟುಗಳು ಬೆಂದು ಕೆಂಪಾಗಿದ್ದವು. ಆಡಿ ಎಂದಳು, ಕೈ ಹಿಡಿದು ಒಳಗೆ ಕರೆದಳು, ಕಾಫಿಗೆ ಇಟ್ಟಳು. ಅಡಿಗೆಮನೆಯ ಮೇಜಿನ ಮೇಲೆ ಪುಸ್ತಕ, ಸೀಸದ ಕಡ್ಡಿ. ಕಾಫಿ ಬಂದರೆ ಹೇಳಲಾಗುವುದಿಲ್ಲ ಎಂದು ಅವನು ನಿಂತೇ ಹೇಳಿಬಿಟ್ಟ. ಫೋಲ್ಕ್‌ಮಾರ್ ಅಲ್ಲ. ನಾನು. ಸುಡಲಿಲ್ಲ, ಇಟ್ಟುಕೊಂಡೆ, ಹೆಸರು ಬರೆದೆ, ಆಮೇಲೆ ಸುಟ್ಟೆ ಎಂದು ಅವನಿಗೂ ಸುಳ್ಳು ಹೇಳಿದೆ.

ಅವಳು ಒಲೆ ಆರಿಸಿದಳು. ಯಾಕೆ ಸುಡಲಿಲ್ಲ ಎಂದಳು. ಅವನು ಡೇರೆಯ ಪದ್ಧತಿ ಹೇಳಿದ, ಮೌಲಾಸಾಬನ ಬೆಲ್ಟು ಹೇಳಿದ. ಹೇಳುತ್ತ ಹೇಳುತ್ತ ಅದು ಎಷ್ಟು ಸಣ್ಣ ಮಾತು ಎಂದು ಅವನಿಗೇ ಕೇಳಿಸಿತು.

"ಹೆಸರು ಯಾಕೆ ಬರೆದೆ?"

"ನೀನು ಕಲಿಸಿದ ಅಕ್ಷರ. ಬರೆಯಲು ಬರುತ್ತದೆ ಎಂಬ ಹೆಮ್ಮೆಗೆ ಬರೆದೆ."

ಗೆರ್ಲಿಂಡೆ ಕೂತಳು. ಮೇಜಿನ ಮೇಲಿನ ಸೀಸದ ಕಡ್ಡಿಗಳನ್ನು ಒಂದೊಂದಾಗಿ ಡಬ್ಬಿಗೆ ಹಾಕಿದಳು. ಅತ್ತಿದ್ದರೆ ಅವನಿಗೆ ಹಗುರಾಗುತ್ತಿತ್ತು. ಬೈದಿದ್ದರೆ ಇನ್ನೂ ಹಗುರಾಗುತ್ತಿತ್ತು. ಅವಳು ಎರಡನ್ನೂ ಕೊಡಲಿಲ್ಲ.

"ಹದಿನೆಂಟು ವರ್ಷ ಅವನು ಬದುಕಿದ್ದ," ಎಂದಳು. "ಇಲ್ಲಿಗೆ ರೈಲಿನಲ್ಲಿ ಒಂದು ತಾಸಿನ ದಾರಿ. ನೌಕರಿ ಹೋದದ್ದು ಸರಕಾರದವರಿಂದ. ಅದನ್ನು ನಿನ್ನ ತಲೆಗೆ ಕಟ್ಟುವುದಿಲ್ಲ. ಆದರೆ ಈ ಹದಿನೆಂಟು ವರ್ಷ ನಿನ್ನದು, ಆಡಿ."

ಅವನು ಒಪ್ಪಿಗೆಯ ಕಾಗದವನ್ನು ಮುಂದಿಟ್ಟ. ಈಗಲಾದರೂ ಜೋಡಿಸಿ, ಇದ್ದಲ್ಲಿಗೆ ಸೇರಿಸಿದರೆ ಅಷ್ಟಾದರೂ ಸರಿಯಾದೀತು ಎಂಬ ಆಸೆ ಅವನಿಗೆ. ಅದನ್ನು ಬಾಯಿಬಿಟ್ಟು ಹೇಳಿಯೂ ಹೇಳಿದ. ಅವಳು ಕಾಗದ ಪೂರ್ತಿ ಓದಿದಳು, ಟೀಚರ್ ಓದುವ ಹಾಗೆ, ಬೆರಳಿಟ್ಟು.

"ಆ ಮುಖ ಯಾರದೆಂದು ಕೇಳಿದಾಗ ನನ್ನದು ಎಂದೆ. ಅದಕ್ಕೆ ನಾಚಿಕೆ ಇಲ್ಲ. ಆದರೆ ಮಕ್ಕಳ ಮುಂದೆ ನಿಲ್ಲಬಾರದು ಎಂದ ಮುಖವನ್ನು ಈಗ ಹಾಡಿನ ನಡುವೆ ಚಂದಕ್ಕೆ ಇಡುತ್ತಾರೋ? ಬೇಡ. ಸಹಿ ಹಾಕುವುದಿಲ್ಲ. ಆ ತುಂಡನ್ನು ಸುಡಲೂ ಬೇಡ, ಜೋಡಿಸಲೂ ಬೇಡ. ಇಟ್ಟುಕೊಳ್ಳುವುದು ನಿನಗೆ ಬರುತ್ತದಲ್ಲ. ಇಟ್ಟುಕೋ."

ಅವನು ಟೋಪಿ ತೆಗೆದುಕೊಂಡು ಬಾಗಿಲವರೆಗೆ ಬಂದ. ಹಿಂದಿನಿಂದ ಅವಳು ಒಂದೇ ಮಾತು ಕೇಳಿದಳು. "ಅವನ ಮಣ್ಣಿಗೆ ಹೋಗಿದ್ದೆಯಾ?"

"ಹೋಗಿದ್ದೆ."

"ಕೈಯಾರೆ ಮಣ್ಣು ಹಾಕಿದೆಯಾ?"

"ಹಾಕಿದೆ."

ಬಾಗಿಲು ಮೆಲ್ಲಗೆ ಮುಚ್ಚಿತು. ಕೆಳಗಿಳಿದು ಬಸ್ಸಿಗೆ ನಿಂತಾಗ ಅವನಿಗೆ ಗೊತ್ತಾಯಿತು, ಅವಳು ಒಬ್ಬಳೇ ಕೂತು ಆ ಹದಿನೆಂಟು ವರ್ಷವನ್ನು ಈಗ ಮೊದಲಿನಿಂದ ಬಿಚ್ಚಿ ನೋಡುತ್ತಾಳೆ. ಸುಳ್ಳಿನ ಆಸರೆಯಲ್ಲಾದರೂ ಅವಳು ಗಟ್ಟಿಯಾಗಿ ನಿಂತಿದ್ದಳು. ಅದನ್ನೂ ಅವನೇ ಕಿತ್ತುಕೊಂಡು ಬಂದ.

ಡಿವಿಡಿ ಆ ವರ್ಷದ ಕೊನೆಗೆ ಬಂತು, ಆ ತುಂಡಿಲ್ಲದೆ. ಸಹಿ ಇಲ್ಲದಿದ್ದರೂ ಹಾಕೋಣ, ಮುದುಕಿ ಕೋರ್ಟಿಗೆ ಹೋಗುತ್ತಾಳೆಯೇ ಎಂದು ಮೇಲಿನವನೊಬ್ಬ ಅಂದಿದ್ದನಂತೆ. ರಾಕೇಶ್ ಆಗುವುದಿಲ್ಲ ಎಂದ. ಮುಂದಿನ ವರ್ಷ ಕಂಪನಿ ಮೂವತ್ತು ಜನರನ್ನು ತೆಗೆದಾಗ ಅವನೂ ಹೋದ. ಅದಕ್ಕೇ ಹೋದನೋ, ಎಲ್ಲರ ಜೊತೆ ಹೋದನೋ ಗೊತ್ತಿಲ್ಲ. ಮೈಸೂರಿಗೆ ಹೊರಡುವ ಮುನ್ನ, ಬಳಕೆಗಿಲ್ಲ ಎಂದು ಬರೆಸಿಕೊಂಡು, ಡಬ್ಬಿಯನ್ನು ತಾನೇ ತಂದು ಅಡಿವೆಪ್ಪನ ಕೈಗಿತ್ತ. ಆಖೆನ್‌ನ ಗೆಳೆಯನಿಗೆ ಫೋನು ಮಾಡಿದೆ ಎಂದ. ಅವನು ಎತ್ತಲಿಲ್ಲವಂತೆ.

ಡಬ್ಬಿ ಈಗ ಕಟ್ಟಡದ ನೆಲಮಾಳಿಗೆಯಲ್ಲಿ ಉಪ್ಪಿನ ಚೀಲಗಳ ಪಕ್ಕದಲ್ಲಿದೆ. ಫಿಲ್ಮು ಕೊಳೆಯತೊಡಗಿದೆ. ಹಳೆಯ ಫಿಲ್ಮು ಕೊಳೆತರೆ ವಿನೆಗರಿನ ಹುಳಿ ವಾಸನೆ ಹೊಡೆಯುತ್ತದೆ, ಮುಚ್ಚಳ ಬಿಗಿಯಾಗಿದ್ದರೆ ಆ ಹುಳಿಯೇ ಒಳಗೊಳಗೆ ಅದನ್ನು ತಿನ್ನುತ್ತದೆ. ಹಾಗಾಗಿ ತಿಂಗಳಿಗೊಮ್ಮೆ, ಬೆಳಿಗ್ಗೆ ಕಸದ ಗಾಡಿ ಹೋದ ಮೇಲೆ, ಅಡಿವೆಪ್ಪ ಕೆಳಗಿಳಿದು ಮುಚ್ಚಳ ತೆಗೆಯುತ್ತಾನೆ. ಸುರುಳಿ ಬಿಚ್ಚಿ, ಬೆರಳ ಸಂದಿಯಲ್ಲಿ ಹಾಯಿಸಿ, ಗಾಳಿಯಾಡಿಸಿ, ಮತ್ತೆ ಸುತ್ತುತ್ತಾನೆ. ಮುಖ ಮಸುಕಾಗುತ್ತಿದೆ. ಫಿಲ್ಮು ಕುಗ್ಗಿದೆ. ಹೋದ ಸಲ ಅಳೆದಾಗ ನಲವತ್ತೊಂದೂ ಕಾಲಿಗೆ ಬಂತು. ಚೀಟಿಯ ಮೇಲೆ ಇನ್ನೂ ೪೨ ಇದೆ. ತಿದ್ದಬೇಕೆಂದು ಪೆನ್ನು ತೆಗೆದಿದ್ದ. ಕಡಿಮೆ ಬಿದ್ದದ್ದಕ್ಕೆ ಯಾರಿಗೆ ಉತ್ತರ ಹೇಳಬೇಕೋ ತಿಳಿಯದೆ, ಪೆನ್ನು ಜೇಬಿಗಿಟ್ಟು ಮುಚ್ಚಳವನ್ನು ಸಡಿಲವಾಗಿ ಮುಚ್ಚಿದ.